ದೆವ್ವ ತೋರಿಸುವ ಮೇಷ್ಟ್ರು

ಅನ್ನ ಉಣ್ಣದ ಮಗುವಿಗೆ ಗುಮ್ಮ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರದ ಹುಡುಗನಿಗೆ ಹುಣಸೇಮರದ ದೆವ್ವ, ಬಾವಿ ಕಟ್ಟೆ ಹತ್ತುವ ಹುಡುಗಿಗೆ ಒಳಗಿನಿಂದ ಕೈ ಚಾಚುವ ಹೆಂಗಸು. ಮಕ್ಕಳನ್ನು ಸಾಕುವ ಕೆಲಸದಲ್ಲಿ ನಾವು ಇಷ್ಟೊಂದು ಇಲ್ಲದವರ ನೆರವು ಪಡೆಯುತ್ತೇವಲ್ಲ ಎಂಬುದು ಸಣ್ಣ ಕಿರಿಕಿರಿಯೇ ಇರಬಹುದು. ಯೋಚಿಸುತ್ತ ಹೋದರೆ ಅದು ಸಣ್ಣದಾಗಿ ಉಳಿಯುವುದಿಲ್ಲ. ಮಗು ದೊಡ್ಡದಾಗಿ ಶಾಲೆಗೆ ಹೋದಾಗ ಅಲ್ಲಿ ಇದಕ್ಕೆ ಎದುರಾದ ಮಾತು ಕೇಳುತ್ತದೆ. ವಿಜ್ಞಾನದ ಪಾಠದ ನಡುವೆ ಯಾರೋ ದೆವ್ವದ ಮಾತೆತ್ತಿದರೆ, ‘ದೆವ್ವ ಗಿವ್ವ ಏನೂ ಇಲ್ಲ, ಕೂತ್ಕೊಳ್ರೋ’ ಎಂದು ಮೇಷ್ಟ್ರು ಮುಂದಿನ ಪುಟಕ್ಕೆ ಹೋಗುತ್ತಾರೆ. ಮಗು ಪರೀಕ್ಷೆಯಲ್ಲಿ ದೆವ್ವ ಮೂಢನಂಬಿಕೆ ಎಂದು ಬರೆದು ಅಂಕ ತೆಗೆದುಕೊಳ್ಳುತ್ತದೆ, ಸಂಜೆ ಮನೆಗೆ ಬರುವಾಗ ಹುಣಸೇಮರ ತಪ್ಪಿಸಿ ಸುತ್ತುದಾರಿ ಹಿಡಿಯುತ್ತದೆ. ಮನೆಯವರು ಇದೆ ಎಂದರು, ಮೇಷ್ಟ್ರು ಇಲ್ಲ ಎಂದರು. ಎರಡು ಸಲವೂ ಮಗು ಮಾಡಿದ್ದು ಒಂದೇ ಕೆಲಸ, ದೊಡ್ಡವರು ಹೇಳಿದ್ದನ್ನು ಒಪ್ಪಿಕೊಂಡದ್ದು. ಮರದ ಹತ್ತಿರ ಅದನ್ನು ಯಾರೂ ಕರೆದುಕೊಂಡು ಹೋಗಲಿಲ್ಲ. ಹಾಗೆ ಕರೆದುಕೊಂಡು ಹೋಗುವ ಮೇಷ್ಟ್ರೊಬ್ಬರು ಪ್ರತಿ ಊರಿಗೂ ಬೇಕು, ಅವರು ಕಲಿಸುವ ಪಾಠ ಬೇರೆ ಯಾವ ಪಾಠಕ್ಕಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದು ನನ್ನ ವಾದ.

ಇಂಥವರು ನಮ್ಮಲ್ಲಿ ಇಲ್ಲದೆ ಇಲ್ಲ. ಗೌರಿಬಿದನೂರಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಅಮೆರಿಕದ ಓಹಿಯೊದಲ್ಲಿ ಪರಮಾಣು ಭೌತವಿಜ್ಞಾನ ಓದಿ ಬಂದು, ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕು ಕಳೆದ ಎಚ್. ನರಸಿಂಹಯ್ಯನವರು ಅವರಲ್ಲಿ ಮೊದಲಿಗರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಅವರು ಪವಾಡಗಳನ್ನೂ ಪರೀಕ್ಷಿಸಿ ನೋಡಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಒಂದು ಸಮಿತಿ ಮಾಡಿದರು. ವಿಶ್ವವಿದ್ಯಾಲಯವೊಂದು ತನ್ನ ಗೇಟು ದಾಟಿ ಪವಾಡ ನಡೆಯುವ ಜಾಗಕ್ಕೇ ಹೋಗಿ ನೋಡುತ್ತೇನೆ ಎಂದದ್ದು ದೊಡ್ಡ ಸುದ್ದಿಯಾಯಿತು. ಪಾಂಡವಪುರದಲ್ಲಿ ವಿಭೂತಿ ಉದುರಿಸುತ್ತಾನೆಂದು ಹೆಸರಾಗಿದ್ದ ಹುಡುಗನೊಬ್ಬನ ಮನೆಗೆ ಸಮಿತಿ ಹೋಯಿತು, ವಿಭೂತಿ ಬರುವುದು ಅಂಗಿಯ ಒಳಗಿನಿಂದ ಎಂದು ಕಂಡಿತು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ನರಸಿಂಹಯ್ಯನವರು ಮೂರು ಪತ್ರ ಬರೆದರು, ಉತ್ತರ ಬರಲಿಲ್ಲ. ಮರುವರ್ಷವೇ ಸಮಿತಿ ಮುಚ್ಚಿಹೋಯಿತು. ಅವರು 1962ರಲ್ಲಿ ಶುರುಮಾಡಿದ ಬೆಂಗಳೂರು ಸೈನ್ಸ್ ಫೋರಂ ಮಾತ್ರ ವಾರವಾರವೂ ಉಪನ್ಯಾಸ ನಡೆಸುತ್ತ ಅವರ ಕಾಲವನ್ನು ದಾಟಿ ಬಂದಿದೆ. ನಮ್ಮ ಕಾಲಕ್ಕೆ ಬಂದರೆ ಹುಲಿಕಲ್ ನಟರಾಜ್ ಇದ್ದಾರೆ. ಶಾಲಾ ಶಿಕ್ಷಕರು. ಊರೂರಿನ ಮೈದಾನದಲ್ಲಿ ನಿಂತು ಪವಾಡಗಳನ್ನು ಮೊದಲು ಮಾಡಿ ತೋರಿಸಿ, ಆಮೇಲೆ ಮಾಡಿದ್ದು ಹೇಗೆಂದು ಬಿಡಿಸಿ ಹೇಳುತ್ತ ರಾಜ್ಯ ಸುತ್ತಿದವರು. ಇನ್ನು ಬೆಳಗಾವಿಯ ಸದಾಶಿವನಗರದ ಸ್ಮಶಾನ. 2014ರ ಡಿಸೆಂಬರ್ 6ರಂದು, ಅಂಬೇಡ್ಕರರ ಪರಿನಿಬ್ಬಾಣದ ದಿನ, ಆಗ ಸಚಿವರಾಗಿದ್ದ ಸತೀಶ ಜಾರಕಿಹೊಳಿ ಜನರೊಂದಿಗೆ ಅಲ್ಲೇ ಊಟ ಮಾಡಿ ಅಲ್ಲೇ ರಾತ್ರಿ ಕಳೆದರು. ಅವರು ಮೇಷ್ಟ್ರಲ್ಲ, ರಾಜಕಾರಣಿ. ಆದರೂ ಸ್ಮಶಾನದಲ್ಲಿ ಅನ್ನ ಉಂಡು ಬೆಳಗ್ಗೆ ಎದ್ದು ಬಂದವರು ಅಂದು ಕಲಿತದ್ದು ಭಾಷಣದಿಂದ ಬರುವ ಕಲಿಕೆಯಲ್ಲ.

ನಮ್ಮ ನಾಡಿನಾಚೆಗೂ ಇಂಥವರಿದ್ದರು. ಕೇರಳದ ತಿರುವಲ್ಲದಲ್ಲಿ 1898ರಲ್ಲಿ ಹುಟ್ಟಿದ ಅಬ್ರಹಾಂ ಕೋವೂರ್ ಸಿಲೋನಿನ ಶಾಲೆಗಳಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. 1959ರಲ್ಲಿ ನಿವೃತ್ತರಾದ ಮೇಲೆ ದೆವ್ವದ ಮನೆ ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಹೋಗುವುದೇ ಅವರ ಕೆಲಸವಾಯಿತು. ಕಲ್ಲು ಬೀಳುವ ಮನೆ, ಬಟ್ಟೆಗೆ ತಾನಾಗಿ ಬೆಂಕಿ ಹತ್ತುವ ಮನೆ, ಸತ್ತವರು ಮಾತಾಡುವ ಮನೆ. ಅವರ ದಾಖಲೆಗಳನ್ನು ಓದಿದರೆ ಎದ್ದು ಕಾಣುವುದು ಅವರ ಧೈರ್ಯವಲ್ಲ. ಅಂಥ ಮನೆಗೆ ಹೋಗಿ ಅವರು ಮಾಡುತ್ತಿದ್ದ ಮೊದಲ ಕೆಲಸ ಮನೆಯ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು ಮಾತಾಡಿಸುವುದು. ಹಾಗೆ ಮಾತಾಡಿಸಿದಾಗ ಅನೇಕ ಸಲ ಸಿಕ್ಕಿದ್ದು ಹೇಳಿಕೊಳ್ಳಲು ಯಾರೂ ಇಲ್ಲದೆ ಒಳಗೇ ಬೇಯುತ್ತಿದ್ದ ಒಂದು ಜೀವ. ದೆವ್ವದ ತನಿಖೆ ಕೊನೆಗೆ ಮನುಷ್ಯರ ಮಾತು ಕೇಳಿಸಿಕೊಳ್ಳುವ ವಿದ್ಯೆಯೇ ಆಗುತ್ತದೆ ಎಂಬುದಕ್ಕೆ ಅವರ ಕೆಲಸಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತೋರುವುದಿಲ್ಲ.

ಇಲ್ಲೇ ಒಂದು ಆಕ್ಷೇಪ ಏಳುತ್ತದೆ, ಮತ್ತು ಅದು ನ್ಯಾಯವಾದದ್ದೇ. ದೆವ್ವ ಕಂಡೆ ಎಂದವರನ್ನು ಸುಳ್ಳುಗಾರರು, ದಡ್ಡರು ಎಂದು ನಾಲ್ಕು ಜನರ ಮುಂದೆ ನಿಲ್ಲಿಸುವುದು ಸರಿಯೇ? ವಿಚಾರವಾದದ ಹೆಸರಿನಲ್ಲಿ ಅದು ನಡೆಯುವುದುಂಟು, ಅದು ತಪ್ಪು. ಆದರೆ ಒಳ್ಳೆಯ ಮೇಷ್ಟ್ರು ಹಾಗೆ ಮಾಡುವುದಿಲ್ಲ ಎಂಬುದಕ್ಕೆ ವಿಜ್ಞಾನಿ ಮೈಕೆಲ್ ಫ್ಯಾರಡೆ 1853ರಲ್ಲೇ ದಾರಿ ತೋರಿಸಿದ್ದಾನೆ. ಆಗ ಇಂಗ್ಲೆಂಡಿನಲ್ಲಿ ಮೇಜು ತಿರುಗುವ ಹುಚ್ಚು. ನಾಲ್ಕಾರು ಜನ ಮೇಜಿನ ಮೇಲೆ ಕೈಯಿಟ್ಟು ಕೂತರೆ ಸತ್ತವರ ಆತ್ಮ ಬಂದು ಮೇಜನ್ನು ತಿರುಗಿಸುತ್ತದೆ ಎಂದು ಎಷ್ಟೋ ಮರ್ಯಾದಸ್ಥರೂ ನಂಬಿದ್ದರು. ಫ್ಯಾರಡೆ ಹಾಗೆ ಕೂತವರನ್ನು ಬೈಯಲಿಲ್ಲ. ರಟ್ಟಿನ ಹಾಳೆಗಳ ನಡುವೆ ಮೆತ್ತನೆಯ ಅಂಟು ಹಚ್ಚಿ ಒಂದರ ಮೇಲೊಂದು ಜೋಡಿಸಿ ಮೇಜಿನ ಮೇಲಿಟ್ಟು ಅದರ ಮೇಲೆ ಕೈಯಿಡಲು ಹೇಳಿದ. ಮೇಜು ತಾನಾಗಿ ತಿರುಗಿದ್ದರೆ ಕೆಳಗಿನ ಹಾಳೆ ಮೊದಲು ಸರಿಯಬೇಕು. ಕೈ ತಳ್ಳಿದ್ದರೆ ಮೇಲಿನದು. ಸರಿದದ್ದು ಮೇಲಿನದು. ಆಮೇಲೆ ಕೈ ಸ್ವಲ್ಪ ಅಲುಗಿದರೂ ಎದ್ದು ತೋರಿಸುವ ಒಂದು ಕಡ್ಡಿಯನ್ನು ಕೂತವರ ಕಣ್ಣೆದುರಿಗೇ ನಿಲ್ಲಿಸಿದ. ಮೇಜು ನಿಂತುಹೋಯಿತು. ಆ ಜನ ಮೋಸಗಾರರಲ್ಲ, ತಮ್ಮ ಕೈ ತಳ್ಳುತ್ತಿದೆ ಎಂಬುದು ಅವರಿಗೇ ಗೊತ್ತಿರಲಿಲ್ಲ ಎಂದು ಫ್ಯಾರಡೆ ಕಂಡುಕೊಂಡ. ಅವರ ಮಾನ ಉಳಿಯಿತು, ಸತ್ಯವೂ ಹೊರಬಂತು.

ಇನ್ನೊಬ್ಬ ವಿಕ್ ಟ್ಯಾಂಡಿ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಎಂಜಿನಿಯರ್, ಮುಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವನು. ಅವನು ಕೆಲಸ ಮಾಡುತ್ತಿದ್ದ ಪ್ರಯೋಗಶಾಲೆಯಲ್ಲಿ ಎಲ್ಲರಿಗೂ ಏನೋ ಕಸಿವಿಸಿ, ಒಮ್ಮೆ ಅವನಿಗೇ ಕಣ್ಣಂಚಿನಲ್ಲಿ ಬೂದುಬಣ್ಣದ ಆಕೃತಿಯೊಂದು ಸುಳಿದಂತಾಯಿತು. ತಿರುಗಿದರೆ ಯಾರೂ ಇಲ್ಲ. ಮರುದಿನ ಕತ್ತಿವರಸೆಯ ತೆಳು ಅಲಗೊಂದನ್ನು ಬೆಂಚಿನ ವೈಸ್‌ಗೆ ಸಿಕ್ಕಿಸಿಟ್ಟಾಗ ಅದು ತಾನಾಗಿ ನಡುಗತೊಡಗಿತು. ಹೆದರಿ ಓಡದೆ ಅವನು ಹುಡುಕಿದ. ಹೊಸದಾಗಿ ಹಾಕಿದ್ದ ಗಾಳಿ ಹೊರಹಾಕುವ ಫ್ಯಾನು ಸೆಕೆಂಡಿಗೆ ಸುಮಾರು 19 ಕಂಪನದ, ಮನುಷ್ಯರ ಕಿವಿಗೆ ಕೇಳದ ಸದ್ದು ಹೊರಡಿಸುತ್ತಿತ್ತು. ಅದನ್ನು ಸರಿಪಡಿಸಿದ ಮೇಲೆ ಕಸಿವಿಸಿ ಹೋಯಿತು. 1998ರಲ್ಲಿ ಅವನು ಇದನ್ನು ಬರೆದು ಪ್ರಕಟಿಸಿದ. ಕೇಳದ ಸದ್ದು ಎಲ್ಲ ಕಡೆಯೂ ದೆವ್ವ ತೋರಿಸುತ್ತದೆ ಎಂದು ಆಮೇಲಿನ ಪ್ರಯೋಗಗಳು ಗಟ್ಟಿಯಾಗಿ ಹೇಳಿಲ್ಲ, ಅದನ್ನೂ ಹೇಳಬೇಕು. ಆದರೆ ಅವನ ನಡೆ ಮುಖ್ಯ. ಕಂಡದ್ದನ್ನು ಅವನು ಅಲ್ಲಗಳೆಯಲಿಲ್ಲ. ಕಂಡದ್ದು ಒಂದು, ಕಂಡದ್ದಕ್ಕೆ ಹೆಸರಿಡುವುದು ಇನ್ನೊಂದು ಎಂದು ಎರಡನ್ನೂ ಬಿಡಿಸಿಟ್ಟುಕೊಂಡ. ‘ಏನು ನೋಡಿದೆ?’ ಎಂದು ಮೊದಲು ಕೇಳಿ, ‘ಅದು ಏನು ಅಂದುಕೊಂಡೆ?’ ಎಂದು ಆಮೇಲೆ ಕೇಳುವುದು. ಈ ಎರಡು ಪ್ರಶ್ನೆಗಳ ನಡುವಿನ ಅಂತರ ಹತ್ತು ವರ್ಷದ ಮಗುವಿಗೆ ಒಂದು ರಾತ್ರಿಯಲ್ಲಿ ಅರ್ಥವಾದರೆ, ಮುಂದೆ ಅದು ಚುನಾವಣೆಯ ಗಾಳಿಸುದ್ದಿಯನ್ನೂ ಮದುವೆ ಮನೆಯ ಚಾಡಿಮಾತನ್ನೂ ಅದೇ ಅಳತೆಯಲ್ಲಿ ಅಳೆಯುತ್ತದೆ.

ಇಂಥ ಮೇಷ್ಟ್ರು ಬೇಕಾದ ಊರಿಗೆ ಉದಾಹರಣೆಯಾಗಿ ಈಗ ಹಾಗಲವಾಡಿಯ ಕಡೆ ಬರೋಣ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಹೋಬಳಿ ಊರು, ಒಂದು ಕಾಲಕ್ಕೆ ಸೀಮೆಯನ್ನೇ ಆಳಿದ ಪಾಳೇಗಾರರ ರಾಜಧಾನಿ. ಚಿಕ್ಕನಾಯಕನಹಳ್ಳಿಗೆ ಹೆಸರು ಬಂದದ್ದೂ ಇದೇ ಮನೆತನದ ನಾಯಕನಿಂದ. ಹೈದರಾಲಿಯ ಕಾಲಕ್ಕೆ ಆ ಆಳ್ವಿಕೆ ಮುಗಿಯಿತು. ದೊಡ್ಡ ಕೆರೆ, ತೆಂಗು ಅಡಿಕೆ ತೋಟ, ಹುಣಸೇಮರ, ಹಳೆಯ ಅಧಿಕಾರದ ನೆನಪು, ದೆವ್ವದ ಕತೆ ಹುಟ್ಟಲು ಬೇಕಾದದ್ದೆಲ್ಲ ಇಂಥ ಊರಿನಲ್ಲಿ ಇರುತ್ತದೆ. ಆದರೆ ಇಲ್ಲಿನ ರಾತ್ರಿ ಕತೆಯ ರಾತ್ರಿಯಷ್ಟೇ ಅಲ್ಲ, ಕೆಲಸದ ರಾತ್ರಿಯೂ ಹೌದು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಎಷ್ಟೋ ದಿನ ರಾತ್ರಿ ಪಾಳಿಯಲ್ಲಿ ಬರುತ್ತದೆ. ಬಂದ ಹೊತ್ತಿಗೆ ಯಾರಾದರೂ ಎದ್ದು ತೋಟಕ್ಕೆ ಹೋಗಿ ಮೋಟಾರ್ ಹಾಕಬೇಕು. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಕೋಲು, ಬದುವಿನ ಮೇಲೆ ಕಾಲಿಡುವ ಮುನ್ನ ಕೋಲಿನಿಂದ ನೆಲ ಬಡಿಯುವುದು, ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ತೆರೆಯುವ ಮುನ್ನ ಒಳಗೆ ಬೆಳಕು ಬಿಟ್ಟು ಏನಾದರೂ ಸುತ್ತಿಕೊಂಡು ಕೂತಿದೆಯೇ ಎಂದು ನೋಡುವುದು. ಈ ಮನುಷ್ಯನ ಭಯಕ್ಕೆ ಕಾರಣವಿದೆ. 2019ರ ಕೊನೆ ಮತ್ತು 2020ರ ಮೊದಲ ತಿಂಗಳುಗಳಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದೊಡ್ಡವರನ್ನೂ ಮಕ್ಕಳನ್ನೂ ಬಲಿ ತೆಗೆದುಕೊಂಡಿತು. ಕತ್ತಲಿಗೆ ಹೆದರಬೇಡ ಎಂದು ಇಲ್ಲಿನ ಮಗುವಿಗೆ ಸುಮ್ಮನೆ ಹೇಳಿದರೆ ಅದು ಬೇಜವಾಬ್ದಾರಿ. ಭಯವನ್ನು ಜರಡಿ ಹಿಡಿಯುವುದನ್ನು ಕಲಿಸಬೇಕು. ಚಿರತೆಯ ಭಯ, ಹಾವಿನ ಭಯ, ಕೆರೆಯ ಆಳದ ಭಯ, ತುಂಡಾಗಿ ಬಿದ್ದ ಕರೆಂಟಿನ ತಂತಿಯ ಭಯ ಮೇಲೆ ನಿಲ್ಲಬೇಕು. ಉಳಿದದ್ದು ಉದುರಿಹೋಗಬೇಕು. ದೆವ್ವದ ಜಾಗಕ್ಕೆ ಕರೆದೊಯ್ಯುವ ಮೇಷ್ಟ್ರು ಮಾಡುವ ದೊಡ್ಡ ಕೆಲಸ ಇದು.

ಜರಡಿ ಹಿಡಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಟ್ಟುಹಾವನ್ನು ನೋಡಿ. ಅದು ಓಡಾಡುವುದು ರಾತ್ರಿ. ನೆಲದ ಮೇಲೆ ಮಲಗಿದವರ ಮಗ್ಗುಲಿಗೆ ಬರುತ್ತದೆ. ಅದರ ಹಲ್ಲು ಸಣ್ಣದು, ಕಚ್ಚಿದರೆ ಎಷ್ಟೋ ಸಲ ನೋವಿಲ್ಲ, ಊತವಿಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆ ಹಿಂಡಿದಂತಾಗುತ್ತದೆ, ರೆಪ್ಪೆ ಜೋಲುತ್ತದೆ, ನಾಲಿಗೆ ತೊದಲುತ್ತದೆ, ಕೈಕಾಲು ಸೋಲುತ್ತದೆ, ಕೊನೆಗೆ ಉಸಿರು ಎಳೆಯುವುದೇ ಕಷ್ಟ. ಹಾವು ಕಂಡವರಿಲ್ಲ, ಗಾಯವಿಲ್ಲ. ಮನೆಯಲ್ಲಿ ಮೊದಲು ಬರುವ ಮಾತು ಗಾಳಿ ಸೋಕಿದೆ ಎಂಬುದು. ಅಲ್ಲಿಂದ ನಿಂಬೆಹಣ್ಣು, ಕುಂಕುಮ, ತಾಯತ. ವಿಷ ಇಳಿಸುವ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಇರುತ್ತದೆ, ಉಸಿರಾಟದ ಯಂತ್ರಕ್ಕೆ ತುಮಕೂರಿಗೆ ಹೋಗಬಹುದು, ಎಲ್ಲವೂ ಗಂಟೆಗಳ ಲೆಕ್ಕ. ಆ ಗಂಟೆಗಳನ್ನು ನುಂಗುವುದು ಕಟ್ಟುಹಾವಲ್ಲ, ದೆವ್ವ. ಕರ್ನಾಟಕವು 2024ರಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕೆಂದು ಮಾಡಿತು. 2017ರಲ್ಲಿ ವಿಧಾನಮಂಡಲ ಒಪ್ಪಿ 2020ರಲ್ಲಿ ಜಾರಿಗೆ ಬಂದ ಮೌಢ್ಯ ನಿಷೇಧ ಕಾಯ್ದೆಯು ಹಾವು ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದನ್ನೂ, ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನೂ ಅಪರಾಧ ಎನ್ನುತ್ತದೆ. ಕಾಯ್ದೆ ಬೇಕು. ಆದರೆ ಬೆಳಗಿನ ಜಾವ ಐದಕ್ಕೆ ಆ ಮನೆಯಲ್ಲಿ ಕಾಯ್ದೆ ಇರುವುದಿಲ್ಲ. ಏಳನೇ ತರಗತಿಯ ಒಂದು ಹುಡುಗಿ ಇರುತ್ತಾಳೆ. ಅಜ್ಜಿಯ ರೆಪ್ಪೆ ನೋಡಿ ‘ಅಪ್ಪಾ, ಗಾಡಿ ತೆಗಿ, ಆಸ್ಪತ್ರೆಗೆ ಹೋಗಣ’ ಎನ್ನಬೇಕಾದವಳು ಅವಳು.

ನಮ್ಮ ಹಿರಿಯರೇನು ದಡ್ಡರೇ, ದೆವ್ವದ ಹೆಸರಿನಲ್ಲಿ ಅವರು ವಿಜ್ಞಾನವನ್ನೇ ಹೇಳಿದ್ದಾರೆ ಎನ್ನುವವರಿದ್ದಾರೆ. ರಾತ್ರಿ ಹುಣಸೇಮರದ ಕೆಳಗೆ ಮಲಗಬೇಡ ಎಂದದ್ದು ಮರ ರಾತ್ರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ ಎಂಬ ಕಾರಣಕ್ಕೆ ಎಂಬ ವಿವರಣೆಯನ್ನು ವಾಟ್ಸಾಪಿನಲ್ಲಷ್ಟೇ ಅಲ್ಲ, ತರಗತಿಗಳಲ್ಲೂ ಹೇಳುತ್ತಾರೆ. ಹಿರಿಯರು ದಡ್ಡರಲ್ಲ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ವಿವರಣೆಯನ್ನು ಒಪ್ಪುವುದಿಲ್ಲ. ಮರ ರಾತ್ರಿ ಉಸಿರಾಡುವುದು ನಿಜ. ಆದರೆ ಬಯಲಿನಲ್ಲಿ ನಿಂತ ಮರದ ಉಸಿರು ಗಾಳಿಯಲ್ಲಿ ಕಲಸಿಹೋಗುತ್ತದೆ, ಅದರಿಂದ ಯಾರ ಉಸಿರೂ ಕಟ್ಟುವುದಿಲ್ಲ. ಮನುಷ್ಯನೊಬ್ಬ ದಿನಕ್ಕೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ. ಮುಚ್ಚಿದ ಕೋಣೆಯಲ್ಲಿ ಅಣ್ಣತಮ್ಮಂದಿರು ನಾಲ್ವರು ಮಗ್ಗುಲಿಗೆ ಮಗ್ಗುಲು ಮಲಗಿ ಬೆಳಗ್ಗೆ ಏಳುತ್ತಾರೆ. ದೆವ್ವಕ್ಕೆ ಬಿಳಿ ಕೋಟು ತೊಡಿಸಿ ವಿಜ್ಞಾನ ಎನ್ನುವುದು ದೆವ್ವಕ್ಕಿಂತ ಹೆಚ್ಚು ಅಪಾಯ, ಏಕೆಂದರೆ ಅದನ್ನು ಪ್ರಶ್ನಿಸಬೇಕೆಂದು ಮಗುವಿಗೆ ಹೊಳೆಯುವುದೇ ಇಲ್ಲ. ಕೊಳ್ಳಿದೆವ್ವದ ವಿಷಯವೂ ಹೀಗೆಯೇ. ಕೆರೆಯಂಗಳದಲ್ಲಿ ಕೊಳೆತ ಗಿಡಗಂಟಿಯಿಂದ ಏಳುವ ಮೀಥೇನ್ ಉರಿಯುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ. ಮೀಥೇನ್ ತಾನಾಗಿ ಹತ್ತಿಕೊಳ್ಳುವುದಿಲ್ಲ, ಹತ್ತಿಸಲು ಇನ್ನೊಂದು ಅನಿಲ ಜೊತೆಗಿರಬೇಕು ಎಂಬ ಊಹೆಯಿದೆ, ವಿಜ್ಞಾನಿಗಳೇ ಇನ್ನೂ ಮಾತು ಮುಗಿಸಿಲ್ಲ. ಮಿಣುಕುಹುಳು, ಏಡಿ ಹಿಡಿಯುವವರ ದೀಪ, ದೂರದ ತೋಟಕ್ಕೆ ಮೋಟಾರ್ ಹಾಕಲು ಹೊರಟವರ ಬ್ಯಾಟರಿ, ಇವೆಲ್ಲ ಕೆರೆಯಾಚೆಯಿಂದ ಹೇಗೆ ಕಾಣುತ್ತವೆ ಎಂದು ಏರಿಯ ಮೇಲೆ ಕೂತು ನೋಡುವುದೇ ಪಾಠ. ಇದು ಇನ್ನೂ ಇತ್ಯರ್ಥವಾಗಿಲ್ಲ ಎಂದು ಮಕ್ಕಳ ಮುಂದೆ ಹೇಳಲು ಹಿಂಜರಿಯದ ಮೇಷ್ಟ್ರೇ ಈ ಕೆಲಸಕ್ಕೆ ತಕ್ಕವರು.

ಇನ್ನೊಂದು ಆಕ್ಷೇಪ ನನ್ನನ್ನು ಹೆಚ್ಚು ಕಾಡುತ್ತದೆ. ದೆವ್ವ ಹೋದರೆ ಕತೆಯೂ ಹೋಗುವುದಿಲ್ಲವೇ? ಎಲ್ಲಕ್ಕೂ ವಿವರಣೆ ಸಿಕ್ಕ ಊರು ಬರಡಾಗುವುದಿಲ್ಲವೇ? ಇದಕ್ಕೆ ಉತ್ತರ ತುಮಕೂರಿನ ಪಕ್ಕದ ಕೈದಾಳದಲ್ಲೇ ಇದೆ. ಬೇಲೂರಿನ ಮೂರ್ತಿಯ ಕಲ್ಲಿನಲ್ಲಿ ಕಪ್ಪೆಯಿದೆ ಎಂದು ಮಗ ಡಂಕಣ ತೋರಿಸಿದ್ದು, ಶಿಲ್ಪಿ ಜಕಣಾಚಾರಿ ತನ್ನ ಕೈ ತಾನೇ ಕತ್ತರಿಸಿಕೊಂಡದ್ದು, ಇಲ್ಲಿ ಚೆನ್ನಕೇಶವನನ್ನು ನಿಲ್ಲಿಸಿದ ಮೇಲೆ ಆ ಕೈ ಮತ್ತೆ ಬಂದದ್ದು, ಈ ಕತೆ ತಿಳಿಯದ ಕನ್ನಡಿಗರು ಕಡಿಮೆ. ಅಲ್ಲಿನ ಶಾಸನ ಹೇಳುವುದು 1150ರ ಸುಮಾರಿಗೆ ಹೊಯ್ಸಳರ ಸಾಮಂತ ಗೂಳಿ ಬಾಚಿದೇವ ಗುಡಿ ಕಟ್ಟಿಸಿದ ಸಂಗತಿ. ಶಾಸನ ಓದಿದವರು ಕೈದಾಳಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಕತೆ ಕೇಳಿದ ಮಕ್ಕಳು ಆ ಮೂರ್ತಿಯನ್ನು ಇನ್ನಷ್ಟು ಹೊತ್ತು ನಿಂತು ನೋಡುತ್ತಾರೆ. ಕತೆಯನ್ನು ಕತೆಯಾಗಿ, ದಾಖಲೆಯನ್ನು ದಾಖಲೆಯಾಗಿ ಇಟ್ಟುಕೊಂಡರೆ ಎರಡೂ ಬಾಳುತ್ತವೆ.

ದೆವ್ವದ ಕತೆಯಲ್ಲಂತೂ ದಾಖಲೆಗಳೇ ಹೇಳದ ಸಂಗತಿ ಇರುತ್ತದೆ. ಯಾವ ಊರಿನ ದೆವ್ವವನ್ನೇ ತೆಗೆದುಕೊಳ್ಳಿ, ಅದು ಮುಪ್ಪಾಗಿ, ಮಕ್ಕಳು ಮೊಮ್ಮಕ್ಕಳ ನಡುವೆ ನೆಮ್ಮದಿಯಿಂದ ಕಣ್ಣುಮುಚ್ಚಿದವರದ್ದಲ್ಲ. ಹೆರಿಗೆಯಲ್ಲಿ ಸತ್ತ ಬಾಣಂತಿ, ಬಾವಿಗೆ ಬಿದ್ದ ಸೊಸೆ, ನೇಣು ಹಾಕಿಕೊಂಡ ಸಾಲಗಾರ, ಮಣ್ಣು ಕಾಣದೆ ಹೋದ ಪರದೇಶಿ. ಧಾತು ಸಂವತ್ಸರದ ದೊಡ್ಡ ಬರದಲ್ಲಿ, 1876ರಿಂದ 1878ರವರೆಗೆ, ಮೈಸೂರು ಸಂಸ್ಥಾನ ಜನರನ್ನು ಕಳೆದುಕೊಂಡ ಬಗೆ ಭೀಕರ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿಯಿತು. ದಾರಿಯಲ್ಲಿ ಬಿದ್ದವರಿಗೆ ಹೆಸರಿಲ್ಲ, ತಿಥಿಯಿಲ್ಲ. ಅವರು ಎಲ್ಲಿ ಹೋದರು? ಕವಲುದಾರಿಯ ಮರದಲ್ಲಿ, ಕೆರೆಯ ತೂಬಿನಲ್ಲಿ, ಪಾಳುಬಾವಿಯಲ್ಲಿ ಕತೆಯಾಗಿ ಉಳಿದರು ಎಂದು ನನಗೆ ಅನ್ನಿಸುತ್ತದೆ. ಕೆರೆ ನಿಲ್ಲಲೆಂದು ಹೆಣ್ಣನ್ನು ಆಹುತಿ ಕೊಟ್ಟ ಜನಪದ ಕತೆಗಳೂ ಇದೇ ಜಾತಿಯವು, ಅನ್ಯಾಯವನ್ನು ಮರೆಯದ ಕತೆಗಳು. ಆದ್ದರಿಂದ ಮೇಷ್ಟ್ರು ಮರದ ಕೆಳಗೆ ನಿಂತು ಮಕ್ಕಳಿಗೆ ಕೇಳಬೇಕಾದ ಪ್ರಶ್ನೆ ದೆವ್ವ ಇದೆಯೋ ಇಲ್ಲವೋ ಎಂಬುದಕ್ಕಿಂತ, ಇದು ಯಾರ ದೆವ್ವ, ಅವಳು ಹೇಗೆ ಸತ್ತಳು, ಆಗ ಊರು ಏನು ಮಾಡುತ್ತಿತ್ತು ಎಂಬುದು. ಮಕ್ಕಳು ಮನೆಗೆ ಹೋಗಿ ಅಜ್ಜಿಯಂದಿರನ್ನು ಕೇಳುತ್ತಾರೆ. ಆಗ ಹೊರಬರುವುದು ಆ ಊರಿನ ಬರೆಯದ ಇತಿಹಾಸ. ಹೆರಿಗೆಗೆ ಆಸ್ಪತ್ರೆ ದೂರವಿತ್ತು ಎಂಬುದು, ವರದಕ್ಷಿಣೆ ಎಷ್ಟಿತ್ತು ಎಂಬುದು. ದೆವ್ವವನ್ನು ಓಡಿಸುವ ಆತುರದಲ್ಲಿ ಇದನ್ನೂ ಓಡಿಸಿದರೆ ನಷ್ಟ ನಮಗೇ.

ಮೈಮೇಲೆ ಬರುವ ಹೆಂಗಸರ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಗಾಣಗಾಪುರದಂಥ ಕ್ಷೇತ್ರಗಳಿಗೆ ದೆವ್ವ ಬಿಡಿಸಲು ಕರೆತರುವವರನ್ನು ನೋಡಿದವರಿಗೆ ಗೊತ್ತು, ಸೊಸೆ ತಾನಾಗಿ ಹೇಳಲಾರದ ಮಾತನ್ನು ಅವಳ ಮೈಮೇಲೆ ಬಂದದ್ದು ಅತ್ತೆಯ ಮುಖಕ್ಕೇ ಹೇಳುತ್ತದೆ, ಮತ್ತು ಎಲ್ಲರೂ ಕೈಮುಗಿದು ಕೇಳುತ್ತಾರೆ. ಅವಳ ದೆವ್ವವನ್ನು ಕಿತ್ತುಕೊಂಡು ಅವಳ ಮಾತಿಗೆ ಬೇರೆ ಜಾಗ ಕೊಡದಿದ್ದರೆ ನಾವು ಮಾಡಿದ್ದು ಉಪಕಾರವಲ್ಲ. ಕೋವೂರರಂಥವರು ಇದನ್ನು ಬಲ್ಲವರಾಗಿದ್ದರು. ನಂಬಿಕೆಗೆ ನೋವಾಗುತ್ತದೆ ಎನ್ನುವವರಿಗೆ ಉತ್ತರ ಇಷ್ಟೇ. ದೇವರ ಪೂಜೆಗೂ ಈ ಪಾಠಕ್ಕೂ ಜಗಳವಿಲ್ಲ. ಹೊಡೆತ, ಬರೆ, ಚಿಕಿತ್ಸೆ ತಪ್ಪಿಸುವುದು, ಇವುಗಳ ಜೊತೆ ಮಾತ್ರ ಜಗಳ.

ಹಾಗಾದರೆ ಇದನ್ನೇ ದೊಡ್ಡದಾಗಿ ಮಾಡಿ ಟಿಕೆಟ್ಟಿಟ್ಟು ಪ್ರವಾಸ ಮಾಡಬಾರದೇ ಎಂದು ಕೇಳಬಹುದು. ಇಂಗ್ಲೆಂಡಿನ ಯಾರ್ಕ್ ಊರಿನಲ್ಲಿ 1973ರಿಂದ ದೆವ್ವದ ನಡಿಗೆ ನಡೆಯುತ್ತ ಬಂದಿದೆ. ನಮ್ಮಲ್ಲಿ ರಾಜಸ್ಥಾನದ ಭಾನಗಡಕ್ಕೆ ಜನ ದೆವ್ವದ ಹೆಸರಿನಲ್ಲೇ ಹೋಗುತ್ತಾರೆ, ಸೂರ್ಯ ಮುಳುಗಿದ ಮೇಲೆ ಒಳಗೆ ಹೋಗಬಾರದೆಂಬ ಪುರಾತತ್ವ ಇಲಾಖೆಯ ಫಲಕವೇ ಅಲ್ಲಿ ದೆವ್ವದ ಪ್ರಮಾಣಪತ್ರವಾಗಿಬಿಟ್ಟಿದೆ. ಅಂಥ ಪ್ರವಾಸದಲ್ಲಿ ಹಳೆಯ ಬೀದಿಗಳ ಚರಿತ್ರೆ ಒಂದಿಷ್ಟು ತಿಳಿಯುತ್ತದೆ, ಅದು ಒಳ್ಳೆಯದೇ. ಆದರೆ ಹಣ ಕೊಟ್ಟವರು ಹೆದರಿ ಮನೆಗೆ ಹೋಗಬೇಕು, ಇಲ್ಲದಿದ್ದರೆ ನಾಳೆ ಬೇರೆಯವರು ಬರುವುದಿಲ್ಲ. ಮೇಷ್ಟ್ರ ನಡಿಗೆಯಲ್ಲಿ ಮಕ್ಕಳು ತಿಳಿದು ಮನೆಗೆ ಹೋಗಬೇಕು. ಮಕ್ಕಳಿಗೆ ಇದರಿಂದ ಆಘಾತವಾಗದೇ ಎಂಬ ಚಿಂತೆಯನ್ನು ಹಗುರವಾಗಿ ಕಾಣಬಾರದು. ಬರಲೊಲ್ಲೆ ಎಂದ ಮಗುವನ್ನು ಎಳೆದೊಯ್ಯಬಾರದು, ಯಾರನ್ನೂ ಬೆಚ್ಚಿಬೀಳಿಸಬಾರದು, ಅಪ್ಪ ಅಮ್ಮ ಜೊತೆಗಿರಬೇಕು, ಚಿರತೆ ಓಡಾಡುವ ಕಾಲದಲ್ಲಿ ಅರಣ್ಯ ಇಲಾಖೆಯವರನ್ನು ಕೇಳದೆ ಹೊರಡಬಾರದು. ಮೊದಲ ಸಲ ಹಗಲಿನಲ್ಲೇ ಹೋಗಿ ಮರದ ಪೊಟರೆ, ಅದರಲ್ಲಿನ ಗೂಬೆ, ಕೊಂಬೆ ಕೊಂಬೆಗೆ ಉಜ್ಜುವ ಜಾಗ ನೋಡಿಟ್ಟುಕೊಳ್ಳಬೇಕು. ಆಮೇಲೆ ಕತ್ತಲಾದಾಗ ಅದೇ ಸದ್ದು ಬಂದರೆ ಮಗು ತಾನೇ ಕೈ ತೋರಿಸುತ್ತದೆ.

ಹೋಗಿ ನೋಡುವುದು ಎಷ್ಟು ದೊಡ್ಡ ಕೆಲಸ ಎಂಬುದಕ್ಕೆ ಇದೇ ಜಿಲ್ಲೆಯ ಒಂದು ನೋವಿನ ಪ್ರಸಂಗವಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಸೂತಕದ ಭಯಕ್ಕೆ ಬಾಣಂತಿಯನ್ನೂ ಹಸುಗೂಸನ್ನೂ ಊರಾಚೆಯ ಗುಡಿಸಲಿನಲ್ಲಿ ಇಟ್ಟರು. ಮಳೆ, ಚಳಿ. ಕೂಸು ಉಳಿಯಲಿಲ್ಲ. ಅದಾದ ಮೇಲೆ ಗುಬ್ಬಿಯ ನ್ಯಾಯಾಧೀಶರೊಬ್ಬರು ತಮ್ಮ ತಾಲ್ಲೂಕಿನ ಇಂಥದೇ ಹಟ್ಟಿಗೆ ತಾವೇ ಹೋಗಿ, ಗುಡಿಸಲಿನಲ್ಲಿದ್ದ ತಾಯಿ ಮಗುವನ್ನು ಮನೆಯೊಳಗೆ ಸೇರಿಸಿದರು. ಆ ಹಟ್ಟಿಗಳ ಜನ ಕಟುಕರಲ್ಲ, ದೇವರು ಮುನಿದರೆ ಊರಿಗೇ ಕೇಡಾಗುತ್ತದೆ ಎಂದು ಹೆದರಿದವರು. ನೋಟಿಸು ಕಳಿಸಿದ್ದರೆ ಆ ಭಯ ಹೋಗುತ್ತಿರಲಿಲ್ಲ. ಎದುರಿಗೆ ಬಂದು ನಿಂತು, ಒಳಗೆ ಕರೆದುಕೊಂಡು ಹೋಗಿ, ಏನೂ ಆಗಲಿಲ್ಲ ನೋಡಿ ಎಂದು ಯಾರಾದರೂ ತೋರಿಸಬೇಕಿತ್ತು. ಅಂಥವರು ಪ್ರತಿ ಹಟ್ಟಿಯ ಶಾಲೆಯಲ್ಲೇ ಇದ್ದರೆ ಒಂದು ಕೂಸು ಸಾಯುವವರೆಗೆ ಕಾಯಬೇಕಾಗಿರಲಿಲ್ಲ.

ಇಷ್ಟಾದ ಮೇಲೂ ಜರಡಿಯಲ್ಲಿ ಒಂದು ಭಯ ಉಳಿಯುತ್ತದೆ, ಅದನ್ನು ಮೊದಲು ಹೇಳುವವರು ಹುಡುಗಿಯರು. ಕೊನೆಯ ಬಸ್ಸಿಳಿದು ಊರೊಳಗೆ ನಡೆದು ಬರುವ ಕಾಲೇಜಿನ ಹುಡುಗಿಗೆ ಕತ್ತಲಿನಲ್ಲಿ ದೆವ್ವ ಸಿಗುತ್ತದೆಂಬ ಹೆದರಿಕೆಯಿಲ್ಲ. ಮನುಷ್ಯರು ಸಿಗುತ್ತಾರೆಂಬ ಹೆದರಿಕೆಯಿದೆ. ಮನೆಯವರು ಅವಳನ್ನು ತಡೆಯುವಾಗ ಹೇಳುವುದು ಹುಣಸೇಮರದ ಹೆಸರು, ಮನಸ್ಸಿನಲ್ಲಿರುವುದು ಬೇರೆ. ಮೇಷ್ಟ್ರೋ ಮೇಡಮ್ಮೋ ಮಕ್ಕಳೊಂದಿಗೆ ರಾತ್ರಿ ನಡೆದರೆ ಎಲ್ಲಿ ಕಂಬವಿದೆ, ಎಲ್ಲಿ ಬಲ್ಬಿಲ್ಲ, ಯಾವ ಮನೆಗೆ ಶೌಚಾಲಯವಿಲ್ಲದೆ ಹೆಂಗಸರು ಕತ್ತಲಾಗಲೆಂದು ಕಾಯುತ್ತಾರೆ, ಕುಡಿದವರು ಯಾವ ಕಟ್ಟೆಯ ಮೇಲೆ ಕೂರುತ್ತಾರೆ, ಕೆರೆ ಏರಿಯ ಯಾವ ತಿರುವಿನಲ್ಲಿ ತಡೆಗೋಡೆಯಿಲ್ಲ ಎಂಬುದೆಲ್ಲ ಒಂದೇ ಸುತ್ತಿನಲ್ಲಿ ಗೊತ್ತಾಗುತ್ತದೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಎಷ್ಟೋ ಕಡೆ ಭಾಷಣ, ಬಿಸ್ಕತ್ತು, ಫೋಟೊಗೆ ಅದು ಮುಗಿಯುತ್ತದೆ. ನಡಿಗೆಯಲ್ಲಿ ಕಂಡದ್ದನ್ನು ಮಕ್ಕಳು ಅಂದು ಒಂದೊಂದಾಗಿ ಓದಬೇಕು, ಪಿಡಿಒ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಮುಂದಿನ ವರ್ಷದ ಸಭೆಯಲ್ಲಿ ಮಕ್ಕಳು ಮೊದಲು ಕೇಳಬೇಕಾದದ್ದು ಬಸ್ ಸ್ಟ್ಯಾಂಡಿನಿಂದ ಊರೊಳಗಿನವರೆಗೆ ಎಷ್ಟು ದೀಪ ಹತ್ತಿದವು ಎಂಬುದನ್ನು.